ನಮ್ಮ ಆಸ್ಪತ್ರೆಗೆ ಯಾವ ಸಾಫ್ಟ್‌ವೇರ್? ವಾರ್ಡಿನಲ್ಲಿ ನಿಂತು ಮಾಡಿದ ಹೋಲಿಕೆ

ಒಂದು ಆಸ್ಪತ್ರೆಯಲ್ಲಿ ಅಜ್ಜಿಯೊಬ್ಬರ ಹಳೆಯ ಕೇಸ್ ಶೀಟಿನ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ "ಪೆನಿಸಿಲಿನ್ ಆಗದು" ಎಂದು ಬರೆದಿತ್ತು. ಆ ಆಸ್ಪತ್ರೆಗೆ ಕಂಪ್ಯೂಟರ್ ವ್ಯವಸ್ಥೆ ಕೂರಿಸಿದವರಲ್ಲಿ ನಾನೂ ಒಬ್ಬ. ಹೆಸರು, ವಯಸ್ಸು, ಊರು, ಫೋನು, ಹಳೆಯ ಬಾಕಿ ಎಲ್ಲವನ್ನೂ ಒಂದು ವಾರ ಕೂತು ಏರಿಸಿದೆವು. ರಟ್ಟಿನ ಮೇಲಿನ ಕೆಂಪು ಅಕ್ಷರಕ್ಕೆ ಮಾತ್ರ ಪರದೆಯಲ್ಲಿ ಜಾಗವೇ ಇರಲಿಲ್ಲ. ಮೂರು ತಿಂಗಳ ಮೇಲೆ ಆ ಅಜ್ಜಿ ಕಾಲಿನ ಹುಣ್ಣಿಗೆಂದು ದಾಖಲಾದರು. ಇಂಜೆಕ್ಷನ್ ತುಂಬಿಕೊಂಡು ಬಂದ ಸಿಸ್ಟರ್‌ಗೆ ಅಡ್ಡ ನಿಂತ ಮಗಳು, "ನಮ್ಮವ್ವಂಗೆ ಆ ಸೂಜಿ ಆಗಲ್ಲ ಸಿಸ್ಟರ್, ಹೋದ ಸಲ ಮೈಯೆಲ್ಲ ಊದ್ಕೊಂಡಿತ್ತು" ಅಂದಳು. ಅಜ್ಜಿ ಉಳಿದದ್ದು ಮಗಳ ನೆನಪಿನಿಂದ. ನಾವು ಕೂರಿಸಿದ ವ್ಯವಸ್ಥೆಗೆ ಅದರಲ್ಲಿ ಪಾಲಿಲ್ಲ.

ಅಂದಿನಿಂದ ಯಾರು "ಯಾವ ಸಾಫ್ಟ್‌ವೇರ್ ಒಳ್ಳೇದು?" ಎಂದು ಕೇಳಿದರೂ ನಾನು ಮೊದಲು ನೋಡುವುದು ಆ ಕೆಂಪು ಶಾಯಿಗೆ ಅದರಲ್ಲಿ ಎಲ್ಲಿ ಜಾಗವಿದೆ ಎಂದು. ನಮ್ಮ ಕಡೆ ಆಸ್ಪತ್ರೆ ಸಾಫ್ಟ್‌ವೇರ್ ಎಂದು ಮಾರುವುದರಲ್ಲಿ ಬಹಳಷ್ಟು ಮೂಲತಃ ಬಿಲ್ಲಿಂಗ್ ಸಾಫ್ಟ್‌ವೇರ್. ಕೌಂಟರಿನಲ್ಲಿ ಚುರುಕಾಗಿ ಓಡುತ್ತದೆ. ವಾರ್ಡಿಗೆ ಬಂದರೆ ಡಿಸ್ಚಾರ್ಜ್ ಸಮ್ಮರಿ ಟೈಪ್ ಮಾಡುವ ಒಂದು ಖಾಲಿ ಪೆಟ್ಟಿಗೆ ಬಿಟ್ಟು ಬೇರೇನೂ ಇರುವುದಿಲ್ಲ.

ಈ ಬರಹಕ್ಕೆ ಕಾರಣ ಇತ್ತೀಚೆಗೆ ಒಂದರ ಹಿಂದೊಂದು ಬಂದ ಫೋನುಗಳು. ತಾಲ್ಲೂಕು ಊರಿನ ವೈದ್ಯ ದಂಪತಿ, ದಿನಕ್ಕೆ 80 ಓಪಿಡಿ, ಅಂದರೆ ಹೊರರೋಗಿಗಳು. 30 ಹಾಸಿಗೆಯ ನರ್ಸಿಂಗ್ ಹೋಮ್, ಒಳಗೇ ಲ್ಯಾಬು ಮತ್ತು ಮೆಡಿಕಲ್ ಶಾಪು. ಒಂದು ಟ್ರಸ್ಟ್ ಆಸ್ಪತ್ರೆ, 120 ಹಾಸಿಗೆ, ಕೈಯಲ್ಲಿ ದುಡ್ಡು ಕಡಿಮೆ, ಬಾಗಿಲಲ್ಲಿ ಜನ ಹೆಚ್ಚು. ಮೂವರೂ ನಾಲ್ಕೈದು ಡೆಮೊ ನೋಡಿ ತಲೆ ಕೆಡಿಸಿಕೊಂಡಿದ್ದರು. ಅವರಿಗೆ ಬೇರೆ ಬೇರೆಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಡೆಮೊ ನೋಡುವ ಮುಂಚೆ ಅಳತೆಗೋಲು

ಮೊದಲನೆಯದು ವಾರ್ಡು. ಡೆಮೊ ತೋರಿಸಲು ಬಂದವರ ಮುಂದೆ ಒಬ್ಬ ರೋಗಿಯನ್ನು ನೋಂದಾಯಿಸಿ, ಪೆನಿಸಿಲಿನ್ ಅಲರ್ಜಿ ಎಂದು ಹಾಕಿಸಿ, ಮರುಕ್ಷಣವೇ ಪೆನಿಸಿಲಿನ್ ಬಳಗದ್ದೇ ಆದ ಅಮಾಕ್ಸಿಸಿಲಿನ್ ಬರೆಯಲು ಹೇಳಿ. ಪರದೆ ತಡೆಯುತ್ತದೆಯೋ ಸುಮ್ಮನಿರುತ್ತದೆಯೋ ನೋಡಿ. ಅಲರ್ಜಿಯನ್ನು ಬರೀ ವಾಕ್ಯವಾಗಿ ಟೈಪ್ ಮಾಡಿಸಿಕೊಳ್ಳುವ ವ್ಯವಸ್ಥೆಗೆ ಎರಡು ಔಷಧಗಳ ನಂಟು ತಿಳಿಯುವುದಿಲ್ಲ. ಪಟ್ಟಿಯಿಂದ ಆರಿಸಿ ಸಂಕೇತವಾಗಿ ಉಳಿಸಿಕೊಳ್ಳುವ ವ್ಯವಸ್ಥೆಗೆ ತಿಳಿಸಿಕೊಡಬಹುದು. ಇದರ ವಿರುದ್ಧದ ತೊಂದರೆಯೂ ಇದೆ. ಪ್ರತಿ ಚೀಟಿಗೂ ನಾಲ್ಕು ಎಚ್ಚರಿಕೆ ಚಿಮ್ಮಿಸುವ ಸಾಫ್ಟ್‌ವೇರನ್ನು ಡಾಕ್ಟರು ಎರಡೇ ವಾರದಲ್ಲಿ ಕಣ್ಣುಮುಚ್ಚಿ "ಸರಿ" ಒತ್ತಿ ದಾಟುವುದನ್ನು ಕಲಿಯುತ್ತಾರೆ, ಐದನೆಯದು ಪ್ರಾಣದ್ದಾದರೂ ದಾಟಿಬಿಡುತ್ತಾರೆ. ಆದ್ದರಿಂದ ಯಾವ ಎಚ್ಚರಿಕೆ ಬೇಕು, ಯಾವುದು ಬೇಡ ಎಂದು ನಾವೇ ಆರಿಸುವಂತಿರಬೇಕು.

ವಾರ್ಡಿನಲ್ಲಿ ಇನ್ನೊಂದು ಪರೀಕ್ಷೆ ಔಷಧಿ ಚಾರ್ಟಿನದು. ರಾತ್ರಿ ಎರಡು ಗಂಟೆಯ ಡೋಸ್ ಕೊಟ್ಟವರು ಯಾರು, ಕೊಡದಿದ್ದರೆ ಏಕೆ ಕೊಡಲಿಲ್ಲ ಎಂಬುದು ಬೆಳಿಗ್ಗೆ ಎಂಟಕ್ಕೆ ಡ್ಯೂಟಿಗೆ ಬರುವ ಸಿಸ್ಟರ್‌ಗೆ ಒಂದೇ ನೋಟಕ್ಕೆ ಕಾಣಬೇಕು. ಡೆಮೊಗೆ ಮಾಲೀಕರು ಮತ್ತು ಅಕೌಂಟೆಂಟ್ ಮಾತ್ರ ಕೂರುವುದು ನಮ್ಮಲ್ಲಿ ವಾಡಿಕೆ. ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ತೀರ್ಮಾನ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಎರಡನೆಯದು ಒಂದು ನಿಮಿಷದ ಲೆಕ್ಕ. ಒಬ್ಬ ರೋಗಿಗೆ ಕಾಗದಕ್ಕಿಂತ ಒಂದೇ ನಿಮಿಷ ಹೆಚ್ಚು ಹಿಡಿದರೂ 80 ರೋಗಿಗಳಿಗೆ 80 ನಿಮಿಷ. ಅಷ್ಟು ಹೊತ್ತು ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಾರೆ, ಕೊನೆಯ ಬಸ್ಸು ತಪ್ಪುತ್ತದೆ. ಹೊಸ ರೋಗಿಗಿಂತ ಹಳೆಯ ರೋಗಿಯ ಚೀಟಿ ಬರೆಯಲು ಎಷ್ಟು ಹೊತ್ತು ಎಂಬುದನ್ನು ಗಡಿಯಾರ ಹಿಡಿದು ನೋಡಿ. ಬಿಪಿ, ಶುಗರ್‌ನವರು ತಿಂಗಳು ತಿಂಗಳೂ ಬರುತ್ತಾರೆ. ಹೋದ ತಿಂಗಳ ಮಾತ್ರೆಗಳನ್ನು ಒಂದೇ ಒತ್ತಿಗೆ ಮುಂದುವರಿಸಲು ಬಾರದ ಸಾಫ್ಟ್‌ವೇರ್ ಕ್ಲಿನಿಕ್ಕಿನಲ್ಲಿ ಉಳಿಯುವುದಿಲ್ಲ.

ಮೂರನೆಯದನ್ನು ಹೊರಗಿನವರು ಕಡೆಗಣಿಸುತ್ತಾರೆ, ನಮಗೆ ಅದೇ ದಿನನಿತ್ಯದ ಗೋಳು: ರೋಗಿಯ ಗುರುತು. ಒಬ್ಬರೇ ಮಂಜುನಾಥ್ ಒಂದು ಕಡೆ ಇಂಗ್ಲಿಷಿನಲ್ಲಿ ಕೊನೆಗೆ "ಎ" ಹಚ್ಚಿಕೊಂಡು, ಇನ್ನೊಂದು ಕಡೆ ಹಚ್ಚಿಕೊಳ್ಳದೆ, ಮತ್ತೊಂದು ಕಡೆ ಮುಂದೆ ಎರಡು ಇನಿಷಿಯಲ್ ಸೇರಿಸಿಕೊಂಡು ಮೂವರಾಗುತ್ತಾರೆ. ಲಕ್ಷ್ಮಿಗೂ ನಾಗರತ್ನಗೂ ಇದೇ ಪಾಡು. ಫೋನ್ ನಂಬರಿನಿಂದ ಹುಡುಕೋಣ ಎಂದರೆ ಮನೆಗೆಲ್ಲ ಒಂದೇ ನಂಬರು, ಅದೂ ಮಗನದ್ದು. ಹುಟ್ಟಿದ ದಿನ ಕೇಳಿದರೆ "ಇಂದಿರಾ ಗಾಂಧಿ ಚಿಕ್ಕಮಗಳೂರಿಂದ ನಿಂತ ವರ್ಷ" ಅನ್ನುತ್ತಾರೆ. 1978 ಎಂದು ನಾವೇ ಹಾಕಿಕೊಂಡು ಜನವರಿ 1 ಎಂದು ತುಂಬುತ್ತೇವೆ. ಕೊನೆಗೆ ಅರ್ಧ ತಾಲ್ಲೂಕು ಜನವರಿ 1ರಂದೇ ಹುಟ್ಟಿದಂತಾಗುತ್ತದೆ. ಒಬ್ಬರಿಗೆ ಮೂರು ಕಡತವಾದರೆ ಮೊದಲ ಕಡತದ ಅಲರ್ಜಿ ಮೂರನೆಯದರಲ್ಲಿ ಕಾಣುವುದಿಲ್ಲ. ಹಾಗಾಗಿ ನೋಡಬೇಕಾದದ್ದು ಇವು: ಊರು, ತಂದೆ ಅಥವಾ ಗಂಡನ ಹೆಸರಿನಿಂದಲೂ ಹುಡುಕಬಹುದೇ? ಹೆಸರನ್ನು ಕನ್ನಡದಲ್ಲೂ ಉಳಿಸಬಹುದೇ, ಅದೂ ಎಲ್ಲ ಕಂಪ್ಯೂಟರಿಗೂ ಓದಲು ಬರುವ ಯುನಿಕೋಡ್‌ನಲ್ಲಿ? ಅಂದಾಜು ವಯಸ್ಸನ್ನು ಅಂದಾಜು ಎಂದೇ ಗುರುತಿಸಬಹುದೇ? ಎರಡಾದ ಕಡತವನ್ನು ಒಂದಾಗಿ ಬೆಸೆಯಬಹುದೇ?

ನಾಲ್ಕನೆಯದು ಕರೆಂಟು, ನೆಟ್ಟು, ಬ್ಯಾಕಪ್ಪು. ಮಳೆಗಾಲದಲ್ಲಿ ಮಲೆನಾಡಿನ ಯಾವ ಊರಿನಲ್ಲಾದರೂ ಒಂದು ವಾರ ಇದ್ದರೆ ಕ್ಲೌಡ್ (ಮಾಹಿತಿಯನ್ನು ದೂರದ ಸರ್ವರಿನಲ್ಲಿಟ್ಟು ನೆಟ್ಟಿನಿಂದ ತೆರೆಯುವುದು) ಎಂಬ ಮಾತಿಗೆ ಬೇರೆಯೇ ಅರ್ಥ ಬರುತ್ತದೆ. ಆದರೆ ಸರ್ವರ್ ನಮ್ಮ ಕೋಣೆಯಲ್ಲೇ ಇದ್ದರೆ ಸುರಕ್ಷಿತ ಎಂದುಕೊಳ್ಳುವುದೂ ತಪ್ಪು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ರಾನ್ಸಮ್‌ವೇರ್ ದಾಳಿಯಾಯಿತು. ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ಸುಮಾರು ಎರಡು ವಾರ ಕಾಗದದ ಮೇಲೆ ನಡೆಯಿತು. ಮಾಹಿತಿ ಮರಳಿ ಸಿಕ್ಕಿದ್ದು ದಾಳಿ ತಾಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ. ಏಮ್ಸ್‌ಗೆ ಹೀಗಾದರೆ ನಮ್ಮ 30 ಹಾಸಿಗೆಯ ಆಸ್ಪತ್ರೆಗೆ ಕಾವಲು ಯಾರು? ಬ್ಯಾಕಪ್ ಹೀಗಿರಲಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಟ್ಟಡದ ಹೊರಗೆ, ನೆಟ್‌ವರ್ಕಿಗೆ ಸಿಕ್ಕಿಸದೆ. ತಿಂಗಳಿಗೊಮ್ಮೆ ಆ ಪ್ರತಿಯಿಂದ ನಿಜಕ್ಕೂ ಎಲ್ಲ ಮರಳಿ ತೆರೆಯುತ್ತದೆಯೇ ಎಂದು ಬೇರೆ ಕಂಪ್ಯೂಟರಿನಲ್ಲಿ ನೋಡಬೇಕು.

ಐದನೆಯದು ಹೊರಬರುವ ದಾರಿ. ನಾನು ಕಂಡ ಒಂದು ನರ್ಸಿಂಗ್ ಹೋಮಿನಲ್ಲಿ ಸಾಫ್ಟ್‌ವೇರ್ ಕೊಟ್ಟವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಡೇಟಾಬೇಸ್ ಇವರ ಸರ್ವರಿನಲ್ಲೇ ಇತ್ತು, ಪಾಸ್‌ವರ್ಡ್ ಇರಲಿಲ್ಲ. ಆರು ವರ್ಷದ ದಾಖಲೆಯನ್ನು ಇಬ್ಬರು ಹುಡುಗರು ಎರಡು ತಿಂಗಳು ಕೂತು ಪರದೆಯಿಂದ ಒಂದೊಂದಾಗಿ ಪ್ರಿಂಟ್ ತೆಗೆದರು. ಕನ್ನಡದಲ್ಲಿ ಹಾಕಿದ್ದ ಹೆಸರುಗಳು ಹಳೆಯ ಫಾಂಟಿನವು; ಹೊಸ ಕಡೆಗೆ ತಂದಾಗ ಅರ್ಥವಿಲ್ಲದ ಗುರುತುಗಳಾಗಿ ನಿಂತವು. ಹಾಗಾಗಿ ಡೆಮೊದಲ್ಲೇ ಕೇಳಿ: "ಇಲ್ಲಿರೋ ಎಲ್ಲ ಮಾಹಿತಿಯನ್ನ ಈಗಲೇ ಒಂದು ಪೆನ್‌ಡ್ರೈವಿಗೆ ಹಾಕಿಕೊಡಿ, ಯಾವ ಕಾಲಮ್ಮಿನಲ್ಲಿ ಏನಿದೆ ಅನ್ನೋ ವಿವರಾನೂ ಕೊಡಿ." ನಗುತ್ತ "ಅದೆಲ್ಲ ಆಮೇಲೆ ನೋಡೋಣ ಸರ್" ಎಂದರೆ ನನಗೆ ಅಷ್ಟೇ ಸಾಕು, ಚಹಾ ಕುಡಿಸಿ ಕಳಿಸಿಬಿಡುತ್ತೇನೆ.

ಕಾನೂನಿನ ಕಡೆಯದು ಬೇಗ ಹೇಳಿಬಿಡುತ್ತೇನೆ. 2002ರ ವೈದ್ಯಕೀಯ ಮಂಡಳಿಯ ನಿಯಮದಂತೆ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೋರ್ಟಿಗೆ ಕಂಪ್ಯೂಟರ್ ದಾಖಲೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಯಾರು, ಯಾವಾಗ, ಏನು ತಿದ್ದಿದರು ಎಂಬ ಜಾಡು ಅಳಿಸಲಾಗದಂತೆ ಉಳಿಯುವ ವ್ಯವಸ್ಥೆ ಇದ್ದರೆ ಅಂದು ನಿಮ್ಮ ಬೆನ್ನಿಗೆ ನಿಲ್ಲುತ್ತದೆ. ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಕಾಯ್ದೆಯಲ್ಲಿ ಕಾವಲು ಸಡಿಲ ಬಿಟ್ಟು ಮಾಹಿತಿ ಸೋರಿದರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಇದೆ. ಇಡೀ ಆಸ್ಪತ್ರೆ ಒಂದೇ ಲಾಗಿನ್ನಿನಲ್ಲಿ, ಪಾಸ್‌ವರ್ಡ್ ಮಾನಿಟರಿಗೆ ಅಂಟಿಸಿಕೊಂಡು ನಡೆಯುವ ಕಾಲ ಮುಗಿಯಿತು.

ಇನ್ನು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಅಂದರೆ ಎಬಿಡಿಎಂ. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಬಂದ ಇದರ ಬೇರು ಆಭಾ ಸಂಖ್ಯೆ, ಅಂದರೆ ರೋಗಿಯ 14 ಅಂಕಿಯ ಆರೋಗ್ಯ ಗುರುತು. ರೋಗಿ ಒಪ್ಪಿದರೆ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆ ನೋಡಬಹುದು. ಸಾಫ್ಟ್‌ವೇರಿನವರು "ನಮ್ಮದು ಎಬಿಡಿಎಂ ಆಗಿದೆ" ಎಂದಾಗ ಯಾವ ಮೆಟ್ಟಿಲವರೆಗೆ ಎಂದು ಕೇಳಿ. ಎಂ1 ಎಂದರೆ ಆಭಾ ಮಾಡಿಸುವುದು, ಪರಿಶೀಲಿಸುವುದು. ಎಂ2 ಎಂದರೆ ನಮ್ಮ ದಾಖಲೆಯನ್ನು ಆಭಾಗೆ ಜೋಡಿಸಿ ಹಂಚುವುದು. ಎಂ3 ಎಂದರೆ ಬೇರೆಯವರ ದಾಖಲೆಯನ್ನು ಒಪ್ಪಿಗೆ ಪಡೆದು ನೋಡುವುದು. ಎಂ1ರಲ್ಲಿ ನಿಂತವರಿಂದ ರೋಗಿಗೆ ಸಿಗುವುದು ಒಂದು ಕಾರ್ಡು ಮಾತ್ರ. ಹಂಚಿದ ದಾಖಲೆಯ ಲೆಕ್ಕಕ್ಕೆ ಆಸ್ಪತ್ರೆಗೂ ಸಾಫ್ಟ್‌ವೇರಿನವರಿಗೂ ಪ್ರೋತ್ಸಾಹಧನ ಕೊಡುವ ಯೋಜನೆ 2023ರ ಜನವರಿಯಲ್ಲಿ ಶುರುವಾಯಿತು. ಈಗಲೂ ಸಿಕ್ಕರೆ ಒಳ್ಳೆಯದು, ಆದರೆ ಅದನ್ನು ನಂಬಿ ಬಜೆಟ್ ಹಾಕಬೇಡಿ.

ಹಣವನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ. ತಿಂಗಳಿಗೆ 2,000 ರೂಪಾಯಿ ಬಾಡಿಗೆ ಎಂದರೆ ಕಡಿಮೆ ಎನಿಸುತ್ತದೆ, 60 ತಿಂಗಳಿಗೆ ಅದು 1,20,000. ಪುಕ್ಕಟೆ ಸಾಫ್ಟ್‌ವೇರಿಗೂ ಸರ್ವರ್, ಯುಪಿಎಸ್, ಕೂರಿಸುವವರ ಕೂಲಿ, ತರಬೇತಿ ಇದ್ದೇ ಇರುತ್ತದೆ.

ಕಾಗದವೂ ಒಂದು ಆಯ್ಕೆ

ದಿನಕ್ಕೆ 25–30 ರೋಗಿಗಳನ್ನು ಒಬ್ಬರೇ ನೋಡುವ ಡಾಕ್ಟರಿಗೆ ನಾನು ಕಂಪ್ಯೂಟರ್ ತೆಗೆದುಕೊಳ್ಳಿ ಎಂದು ಒತ್ತಾಯ ಮಾಡುವುದಿಲ್ಲ. ನಂಬರು ಹಾಕಿದ ಕಡತ, ರಟ್ಟಿನ ಮೇಲೆ ಅಲರ್ಜಿ, ಒಳಗೆ ದೀರ್ಘಕಾಲದ ಮಾತ್ರೆಗಳ ಒಂದು ಹಾಳೆ. ಕರೆಂಟ್ ಹೋದರೂ ನಡೆಯುತ್ತದೆ, ಡಾಕ್ಟರ ಕಣ್ಣು ರೋಗಿಯ ಮುಖದ ಮೇಲಿರುತ್ತದೆ. ಕಾಗದ ಸೋಲುವುದು ಎಣಿಕೆಯಲ್ಲಿ. "ಮೂರು ತಿಂಗಳಿಂದ ಬಾರದ ಶುಗರ್ ರೋಗಿಗಳು ಯಾರ್ಯಾರು?" ಎಂಬ ಪ್ರಶ್ನೆಗೆ ಕಪಾಟು ಉತ್ತರ ಕೊಡುವುದಿಲ್ಲ. ಆ ಪ್ರಶ್ನೆ ನಿಮ್ಮನ್ನು ಕಾಡತೊಡಗಿದ ದಿನ ಮುಂದಿನದನ್ನು ಓದಿ.

ಬಾಡಿಗೆಯ ಕ್ಲೌಡ್

ಕ್ಲಿನಿಕ್ಕುಗಳಿಗೆ ಸುಲಭದ ದಾರಿ ಇದು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದುತ್ತಿದ್ದ ಇಬ್ಬರು 2008ರಲ್ಲಿ ಶುರುಮಾಡಿದ ಪ್ರಾಕ್ಟೊ ಕಂಪನಿಯ 'ರೇ' ಈ ಬಗೆಯಲ್ಲಿ ಜನಕ್ಕೆ ಚೆನ್ನಾಗಿ ಗೊತ್ತಿರುವ ಹೆಸರು. ಅದರಂತೆಯೇ ಇನ್ನೂ ಹಲವು ಬಂದಿವೆ. ಅಪಾಯಿಂಟ್‌ಮೆಂಟ್, ಚೀಟಿ, ಬಿಲ್, ರೋಗಿಯ ಫೋನಿಗೆ ಸಂದೇಶ ಎಲ್ಲ ಮೊದಲ ದಿನವೇ ಓಡುತ್ತವೆ. ಸರ್ವರ್ ಸಾಕುವ ತಾಪತ್ರಯವಿಲ್ಲ, ಬ್ಯಾಕಪ್ ಅವರ ಹೊಣೆ. ಎರಡು ನೆಟ್ ಸಂಪರ್ಕ ಇಟ್ಟುಕೊಳ್ಳಲೇಬೇಕು, ಫೈಬರ್ ಒಂದು, ಬೇರೆ ಕಂಪನಿಯ ಸಿಮ್ ಒಂದು.

ತೂಕ ಎಲ್ಲಿ ತಗ್ಗುತ್ತದೆಂದರೆ ಒಳರೋಗಿ ಬಂದಾಗ. ಓಪಿಡಿಗೆಂದೇ ಕಟ್ಟಿದ ಇಂಥವನ್ನು ವಾರ್ಡಿಗೆ ಎಳೆದರೆ ಔಷಧಿ ಚಾರ್ಟು, ನರ್ಸಿಂಗ್ ನೋಟ್ಸ್ ಮತ್ತೆ ಕಾಗದಕ್ಕೇ ಹೋಗುತ್ತವೆ. ಬಾಡಿಗೆ ನಿಲ್ಲಿಸಿದ ಮೇಲೆ ದಾಖಲೆ ಎಷ್ಟು ದಿನ ಉಳಿಯುತ್ತದೆ, ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂಬುದನ್ನು ಒಪ್ಪಂದದ ಸಾಲಿನಲ್ಲಿ ಓದಿ. ಬಾಯಿಮಾತು ಸಾಲದು.

ಸ್ಥಳೀಯ ಕಂಪನಿಯ ಪ್ಯಾಕೇಜು

ಜಿಲ್ಲಾ ಕೇಂದ್ರಗಳಲ್ಲೆಲ್ಲ ಇಂಥ ಕಂಪನಿಗಳಿವೆ. ಮೆಡಿಕಲ್ ಶಾಪಿನ ಬ್ಯಾಚ್, ಎಕ್ಸ್‌ಪೈರಿ, ಜಿಎಸ್‌ಟಿ, ಟಿಪಿಎ (ವಿಮೆಯ ಕ್ಲೇಮು ನೋಡುವ ಮಧ್ಯವರ್ತಿ) ಬಿಲ್ ಇವುಗಳಲ್ಲಿ ಇವರನ್ನು ಮೀರಿಸುವುದು ಕಷ್ಟ. ಕೆಟ್ಟರೆ ಸಂಜೆಯೊಳಗೆ ಬೈಕ್ ಹತ್ತಿ ಒಬ್ಬ ಹುಡುಗ ಬರುತ್ತಾನೆ, ಕನ್ನಡದಲ್ಲಿ ಮಾತಾಡುತ್ತಾನೆ. ಇದರ ಬೆಲೆ ದೂರದ ನಗರದಲ್ಲಿ ಕೂತವರಿಗೆ ತಿಳಿಯದು.

ಚಿಕಿತ್ಸೆಯ ಭಾಗ ಒಬ್ಬರಿಂದೊಬ್ಬರಿಗೆ ಅಜಗಜಾಂತರ. ನಾನು ನೋಡಿದ ಕೆಲವರು ವಾರ್ಡನ್ನು ಬಲು ಶ್ರದ್ಧೆಯಿಂದ ಕಟ್ಟಿದ್ದರು. ಹೆಚ್ಚಿನವರು ಬಿಲ್ಲಿಂಗ್‌ಗೆ ಒಂದು ಟ್ಯಾಬ್ ಅಂಟಿಸಿದ್ದರು. ಮೇಲೆ ಹೇಳಿದ ಅಮಾಕ್ಸಿಸಿಲಿನ್ ಪರೀಕ್ಷೆ ಇಲ್ಲಿ ಕೈಕೊಡದೆ ನಿಜ ಹೇಳುತ್ತದೆ. ಕೊಳ್ಳುವುದಾದರೆ ಚೌಕಾಸಿಯನ್ನು ಬೆಲೆಯ ಮೇಲೆ ಮಾಡುವುದಕ್ಕಿಂತ ಒಪ್ಪಂದದ ಮೇಲೆ ಮಾಡಿ: ಡೇಟಾಬೇಸಿನ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಬೀರುವಿನಲ್ಲಿರಬೇಕು, ಎಎಂಸಿ (ವಾರ್ಷಿಕ ನಿರ್ವಹಣೆಯ ಒಪ್ಪಂದ) ನಿಂತರೂ ಸಾಫ್ಟ್‌ವೇರ್ ತೆರೆದು ಓದಲು ಬರಬೇಕು, ಹೊರಡುವಾಗ ಮಾಹಿತಿಯನ್ನು ಹಣ ಕೇಳದೆ ಇಂತಿಷ್ಟು ದಿನದಲ್ಲಿ ಕೊಡಬೇಕು.

ಓಪನ್‌ಇಎಂಆರ್

ಲೈಸೆನ್ಸ್ ಶುಲ್ಕವಿಲ್ಲದ ಮುಕ್ತ ತಂತ್ರಾಂಶಗಳಲ್ಲಿ ಕೂರಿಸಲು ಹಗುರವಾದದ್ದು. ಇದನ್ನು ಕಟ್ಟಲು ಬಳಸಿದ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಬಲ್ಲ ಹುಡುಗ ಯಾವ ಊರಿನಲ್ಲೂ ಸಿಗುತ್ತಾನೆ. ಅಲರ್ಜಿ, ಕಾಯಿಲೆ, ಔಷಧಗಳಿಗೆ ಬೇರೆ ಬೇರೆ ಪಟ್ಟಿ, ಕ್ಯಾಲೆಂಡರ್, ಚೀಟಿ ಎಲ್ಲ ಇವೆ. ಆರೋಗ್ಯ ಮಾಹಿತಿ ವಿನಿಮಯಕ್ಕೆಂದು ಇರುವ ಎಫ್‌ಎಚ್‌ಐಆರ್ ಮಾದರಿಯಲ್ಲಿ ಮಾಹಿತಿ ಹೊರಗೂ ಬರುತ್ತದೆ. ಆದರೆ ಇದು ಬೆಳೆದದ್ದು ಅಮೆರಿಕದ ಕ್ಲಿನಿಕ್ಕಿನ ನೆಲದಲ್ಲಿ. ಬಿಲ್ಲಿಂಗ್ ಪೂರ್ತಿ ಅಲ್ಲಿನ ವಿಮಾ ಕಂಪನಿಗಳಿಗೆ ಹೊಂದಿಸಿದ್ದು, ನಮ್ಮ ಜಿಎಸ್‌ಟಿ ರಸೀದಿಯನ್ನು ನಾವೇ ಹೊಲಿದುಕೊಳ್ಳಬೇಕು. ಒಳರೋಗಿಗಳ ಭಾಗ ತೆಳು. ಕಂಪ್ಯೂಟರ್ ಕೆಲಸದಲ್ಲಿ ಆಸಕ್ತಿಯಿರುವ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿಗೆ ಇದನ್ನು ಹಾಕಿಕೊಂಡರೆ ವರ್ಷಗಟ್ಟಲೆ ನೆಮ್ಮದಿ.

ಬಹಮ್ನಿ ಮತ್ತು ಅದರ ತಾಯಿಬೇರು

ಹೆಸರು ಕೇಳಿದರೆ ಕಲಬುರಗಿ, ಬೀದರಿನ ಬಹಮನಿ ಸುಲ್ತಾನರು ನೆನಪಾಗುತ್ತಾರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಮುಕ್ತ ತಂತ್ರಾಂಶ ಹುಟ್ಟಿದ್ದು ಛತ್ತೀಸ್‌ಗಢದ ಬಿಲಾಸ್‌ಪುರದ ಹತ್ತಿರ ಗನಿಯಾರಿ ಎಂಬ ಹಳ್ಳಿಯಲ್ಲಿ. ಏಮ್ಸ್‌ನಲ್ಲಿ ಓದಿದ ವೈದ್ಯರು ಅಲ್ಲಿ ಕಟ್ಟಿದ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಗೆ ಬಡವರು ದೂರದ ಕಾಡಿನ ಊರುಗಳಿಂದ ಬರುತ್ತಾರೆ. ಆ ಆಸ್ಪತ್ರೆಯ ಅಗತ್ಯ ನೋಡಿಕೊಂಡು ಥಾಟ್‌ವರ್ಕ್ಸ್ ಕಂಪನಿಯ ತಂಡ ಇದನ್ನು ಕಟ್ಟಿತು. ಎಲ್ಲವನ್ನೂ ಹೊಸದಾಗಿ ಬರೆಯದೆ ಇದ್ದ ನಾಲ್ಕನ್ನು ಹೆಣೆದದ್ದು ಅವರ ಜಾಣತನ: ಚಿಕಿತ್ಸೆಯ ದಾಖಲೆಗೆ ಓಪನ್‌ಎಂಆರ್‌ಎಸ್, ಲ್ಯಾಬಿಗೆ ಓಪನ್‌ಎಲಿಸ್, ಬಿಲ್ ಮತ್ತು ಸ್ಟಾಕಿಗೆ ಓಡೂ, ಎಕ್ಸ್‌ರೇ ಚಿತ್ರಗಳಿಗೆ ಡಿಸಿಎಂ4ಚೀ.

ತಾಯಿಬೇರು ಓಪನ್‌ಎಂಆರ್‌ಎಸ್ 2004ರದ್ದು. ಕೀನ್ಯಾದ ಎಲ್ಡೊರೆಟ್‌ನಲ್ಲಿ ಎಚ್‌ಐವಿ ರೋಗಿಗಳ ಸಂಖ್ಯೆ ಕಾಗದಕ್ಕೂ ಸಣ್ಣ ಡೇಟಾಬೇಸಿಗೂ ಮೀರಿದಾಗ ಅಮೆರಿಕದ ರೀಜನ್‌ಸ್ಟ್ರೀಫ್ ಸಂಸ್ಥೆ ಮತ್ತು ಪಾರ್ಟ್ನರ್ಸ್ ಇನ್ ಹೆಲ್ತ್ ಸೇರಿ ಕಟ್ಟಿದ್ದು. ಅದರ ಒಳಗಿನ ಕಟ್ಟೋಣ ನನಗೆ ಇಂದಿಗೂ ಇಷ್ಟ. ಸಾಮಾನ್ಯ ಸಾಫ್ಟ್‌ವೇರಿನಲ್ಲಿ ಬಿಪಿಗೆ ಒಂದು ಕಾಲಮ್ಮು, ಶುಗರ್‌ಗೆ ಒಂದು ಕಾಲಮ್ಮು ಇರುತ್ತದೆ. ಹೊಸದೇನಾದರೂ ಬೇಕಾದರೆ ಪ್ರೋಗ್ರಾಮರ್ ಬರಬೇಕು. ಇಲ್ಲಿ ಆಸ್ಪತ್ರೆಗೆ ಬೇಕಾದ ಪದಗಳೆಲ್ಲ ಒಂದು ನಿಘಂಟಿನಲ್ಲಿರುತ್ತವೆ. "ಕಾಲಿನ ಸ್ಪರ್ಶಜ್ಞಾನ" ಎಂಬ ಹೊಸ ಪದವನ್ನು ನಿಘಂಟಿಗೆ ಸೇರಿಸಿ ಫಾರಂಗೆ ಎಳೆದರೆ ಅಂದಿನಿಂದ ಪ್ರತಿ ಶುಗರ್ ರೋಗಿಯ ಕಾಲು ನೋಡಿದ್ದು ದಾಖಲಾಗುತ್ತದೆ, ಎಣಿಕೆಗೂ ಸಿಗುತ್ತದೆ. ಬಿಟ್ಟುಹೋದ ಶುಗರ್ ರೋಗಿಗಳ ಪಟ್ಟಿ ತೆಗೆಯುವ ಪ್ರಶ್ನೆಗೆ ಕಪಾಟು ಕೊಡದ ಉತ್ತರ ಇಲ್ಲಿ ನಿಮಿಷದಲ್ಲಿ ಬರುತ್ತದೆ. ಆಶಾ ಕಾರ್ಯಕರ್ತೆಯ ಕೈಗೆ ಆ ಪಟ್ಟಿ ಕೊಟ್ಟು ಮನೆಗೆ ಕಳಿಸಬಹುದು.

ನನ್ನ ಮೂರನೆಯ ಅಳತೆಗೋಲಿಗೂ ಇದು ಚೆನ್ನಾಗಿ ನಿಲ್ಲುತ್ತದೆ. ಹುಟ್ಟಿದ ದಿನ ಅಂದಾಜಿನದು ಎಂದು ಗುರುತು ಹಾಕಲು ಜಾಗವಿದೆ. ಬಹಮ್ನಿಯಲ್ಲಿ ಹೆಸರನ್ನು ಸ್ಥಳೀಯ ಲಿಪಿಯಲ್ಲೂ ಬರೆಯಲು ಬೇರೆ ಕಾಲಮ್ಮುಗಳಿವೆ. ಚೀಟಿಯ ಅಚ್ಚನ್ನು ನಾವೇ ತಿದ್ದಬಹುದಾದ್ದರಿಂದ "1-0-1" ಎಂಬುದರ ಕೆಳಗೆ "ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ" ಎಂದು ಕನ್ನಡದಲ್ಲಿ ಬರುವಂತೆ ಮಾಡಬಹುದು. ಓದಲು ಬರುವ ಮೊಮ್ಮಗಳಿರುವ ಮನೆಯಲ್ಲಿ ಆ ಒಂದು ಸಾಲು ಎಷ್ಟು ಮಾತ್ರೆ ತಪ್ಪುಗಳನ್ನು ತಡೆಯುತ್ತದೆ! ಎಬಿಡಿಎಂ ಜೋಡಣೆಯೂ ಇದನ್ನು ಬೆಳೆಸುವವರ ಸಮುದಾಯದಲ್ಲೇ ಸಿದ್ಧವಾಗಿದೆ. ಎಲ್ಲಕ್ಕಿಂತ ಮುಖ್ಯ, ಡೇಟಾಬೇಸ್ ನಿಮ್ಮದು, ಅದರ ರಚನೆ ಲೋಕಕ್ಕೇ ಗೊತ್ತಿರುವಂಥದು. ಹೊರಬರುವ ದಾರಿ ಸದಾ ತೆರೆದಿದೆ.

ಹಾಗಿದ್ದರೆ ಎಲ್ಲರೂ ಇದನ್ನೇ ಏಕೆ ಹಾಕಿಕೊಳ್ಳಬಾರದು? ನಾಲ್ಕು ತಂತ್ರಾಂಶಗಳ ಹೆಣಿಗೆ ಎಂದರೆ ಕೆಡಲು ನಾಲ್ಕು ಜಾಗ. ಲ್ಯಾಬಿನಲ್ಲಿ ಹಾಕಿದ ರಿಪೋರ್ಟ್ ಡಾಕ್ಟರ ಪರದೆಗೆ ಬರದಿದ್ದಾಗ ಗಂಟು ಎಲ್ಲಿ ಬಿದ್ದಿದೆ ಎಂದು ಹುಡುಕಲು ಲಿನಕ್ಸ್, ಡಾಕರ್‌ನಂಥ ಸರ್ವರ್ ಕೆಲಸ ಬಲ್ಲವರು ಬೇಕು. ಪೂರ್ತಿ ಗೊಂಚಲಿಗೆ 16 ಜಿಬಿ ಮೆಮೊರಿಯ ಸರ್ವರ್ ಇಟ್ಟುಕೊಂಡರೆ ನೆಮ್ಮದಿ. ನಿಘಂಟನ್ನು ಹೊಂದಿಸುವ ಮೊದಲ ಎರಡು ಮೂರು ತಿಂಗಳು ಒಬ್ಬ ಡಾಕ್ಟರು ವಾರಕ್ಕೆ ಅರ್ಧ ದಿನ ಕೂರಲೇಬೇಕು. ಆ ಡಾಕ್ಟರು ಸಿಗದಿದ್ದರೆ ಯೋಜನೆ ನೆಲ ಕಚ್ಚುತ್ತದೆ, ಇದನ್ನು ಎರಡು ಕಡೆ ಕಣ್ಣಾರೆ ಕಂಡಿದ್ದೇನೆ. ಸಣ್ಣ ಕ್ಲಿನಿಕ್ಕುಗಳಿಗೆಂದು ಕಡಿಮೆ ಭಾಗಗಳ 'ಬಹಮ್ನಿ ಲೈಟ್' ಇದೆ. ಪ್ರಯತ್ನಿಸಿ ನೋಡಲು ಅದು ಒಳ್ಳೆಯ ಹೊಸಿಲು.

ಗ್ನು ಹೆಲ್ತ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಹೆಸರೂ ಕೇಳಿಬರುತ್ತದೆ. ಲೂಯಿಸ್ ಫಾಲ್ಕನ್ 2008ರಲ್ಲಿ ಆರಂಭಿಸಿದ್ದು. ರೋಗಿಯ ಮನೆ, ಕುಟುಂಬ, ಕುಡಿಯುವ ನೀರಿನವರೆಗೆ ದಾಖಲಿಸುವ ಅದರ ನೋಟ ದೊಡ್ಡದು, ಸಮುದಾಯ ಆರೋಗ್ಯದ ಕೆಲಸ ಮಾಡುವವರು ನೋಡಲೇಬೇಕು. ಕೆಟ್ಟಾಗ ಕರೆಯಲು ನಮ್ಮ ಸುತ್ತಮುತ್ತ ಬಲ್ಲವರು ವಿರಳವಾದ್ದರಿಂದ ನಾನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಸರ್ಕಾರಿ ಆಸ್ಪತ್ರೆಯವರಿಗೆ

ಸರ್ಕಾರಿ ಆಸ್ಪತ್ರೆಗಳಿಗೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಗಳಾದ ಎನ್‌ಐಸಿಯ ಇ-ಹಾಸ್ಪಿಟಲ್ ಮತ್ತು ಸಿ-ಡ್ಯಾಕ್‌ನ ಇ-ಸುಶ್ರುತ್ ಇವೆ. ಇ-ಹಾಸ್ಪಿಟಲ್ ಎನ್‌ಐಸಿಯ ತ್ರಿಪುರಾ ಕೇಂದ್ರದಲ್ಲಿ ಬೆಳೆದದ್ದು. ನೋಂದಣಿ, ದಾಖಲಾತಿ, ಲ್ಯಾಬು, ಔಷಧ ಉಗ್ರಾಣ ಎಲ್ಲ ಸರ್ಕಾರದ ಕ್ಲೌಡ್‌ನಲ್ಲಿ ಓಡುತ್ತವೆ. 2015ರಿಂದ ಓಆರ್‌ಎಸ್ ಎಂಬ ಆನ್‌ಲೈನ್ ನೋಂದಣಿ ವ್ಯವಸ್ಥೆಯ ಮೂಲಕ ಮನೆಯಿಂದಲೇ ಅಪಾಯಿಂಟ್‌ಮೆಂಟ್ ಪಡೆಯಬಹುದು. ಇಲ್ಲಿ ಆಯ್ಕೆ ಸಾಮಾನ್ಯವಾಗಿ ಇಲಾಖೆಯದ್ದು. ಆದರೆ ಯಾವ ಭಾಗವನ್ನು ಮೊದಲು ಆರಂಭಿಸಬೇಕು ಎಂಬುದರಲ್ಲಿ ಆಡಳಿತ ವೈದ್ಯಾಧಿಕಾರಿಗಳ ಮಾತಿಗೆ ಬೆಲೆಯಿದೆ. ನೋಂದಣಿಯ ನಂತರ ಲ್ಯಾಬನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ರಿಪೋರ್ಟ್ ಹಿಡಿದು ಕಟ್ಟಡದಿಂದ ಕಟ್ಟಡಕ್ಕೆ ಅಲೆಯುವ ಮುದುಕರ ಕಾಲಿಗೆ ಮೊದಲು ವಿಶ್ರಾಂತಿ ಸಿಗುತ್ತದೆ. ಕೌಂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ ಇಟ್ಟರೂ, ಸ್ಮಾರ್ಟ್‌ಫೋನ್ ಇಲ್ಲದವರಿಗೆ ಒಂದು ಕೌಂಟರ್ ಬೇರೆಯೇ ಇರಲಿ.

ಫೋನ್ ಮಾಡಿದವರಿಗೆ ಹೇಳಿದ್ದು

ವೈದ್ಯ ದಂಪತಿಗೆ ಬಾಡಿಗೆಯ ಕ್ಲೌಡ್ ಸಾಕು ಎಂದೆ. ಹಾಸಿಗೆ ಹಾಕುವ ಯೋಚನೆ ಅವರಿಗಿಲ್ಲ, ಸರ್ವರ್ ನೋಡಿಕೊಳ್ಳುವ ಜನವೂ ಇಲ್ಲ. ಹಳೆಯ ಚೀಟಿ ಮುಂದುವರಿಸಲು ಹಿಡಿಯುವ ಹೊತ್ತು, ಪೆನ್‌ಡ್ರೈವ್ ಪ್ರಶ್ನೆ, ಎಬಿಡಿಎಂ ಎಂ2 — ಈ ಮೂರರಲ್ಲಿ ಪಾಸಾದವರಲ್ಲಿ ಅಗ್ಗದವರನ್ನು ಆರಿಸಿ ಎಂದೆ. ನೆಟ್ ದಿನಕ್ಕೆ ಹತ್ತು ಸಲ ಹೋಗುವ ಊರಾಗಿದ್ದರೆ ನಮ್ಮದೇ ಕಂಪ್ಯೂಟರಿನಲ್ಲಿ ಓಡುವ ಓಪನ್‌ಇಎಂಆರ್ ಹೇಳುತ್ತಿದ್ದೆ.

ನರ್ಸಿಂಗ್ ಹೋಮಿನವರದು ನಿಜಕ್ಕೂ ಇಕ್ಕಟ್ಟು. 30 ಹಾಸಿಗೆಗೆ ಬಹಮ್ನಿ ಒಪ್ಪುತ್ತದೆ, ಆದರೆ ಅವರ ನಿತ್ಯದ ಒತ್ತಡ ಮೆಡಿಕಲ್ ಶಾಪು ಮತ್ತು ಟಿಪಿಎ ಬಿಲ್ಲಿನದು, ಕಂಪ್ಯೂಟರ್ ನೋಡುವ ಸ್ವಂತ ಹುಡುಗನೂ ಇಲ್ಲ. ಸ್ಥಳೀಯ ಪ್ಯಾಕೇಜನ್ನೇ ತೆಗೆದುಕೊಳ್ಳಿ, ಆದರೆ ವಾರ್ಡ್ ಸಿಸ್ಟರ್ ಒಪ್ಪಿದ ಪ್ಯಾಕೇಜನ್ನು, ಲಕೋಟೆಯ ಪಾಸ್‌ವರ್ಡ್ ಷರತ್ತಿನೊಂದಿಗೆ ಎಂದೆ. ಇಬ್ಬರು ಕಂಪನಿಯವರು ಆ ಷರತ್ತು ಕೇಳಿಯೇ ಹಿಂದೆ ಸರಿದರಂತೆ. ಮೂರನೆಯವರು ಸಹಿ ಹಾಕಿದರು.

ಟ್ರಸ್ಟ್ ಆಸ್ಪತ್ರೆಗೆ ಬಹಮ್ನಿ. ಲೈಸೆನ್ಸ್‌ಗೆ ಹೋಗುತ್ತಿದ್ದ ಹಣದಲ್ಲಿ ಒಬ್ಬ ತಂತ್ರಜ್ಞನನ್ನು ಸಂಬಳಕ್ಕೆ ಇಟ್ಟುಕೊಳ್ಳಬಹುದು, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಿಂದ ಇನ್ನೊಬ್ಬನನ್ನು ತಯಾರು ಮಾಡಬಹುದು. ಅಲ್ಲಿನ ಹಿರಿಯ ಫಿಸಿಷಿಯನ್ ಒಬ್ಬರು ನಿಘಂಟಿಗೆ ಕೂರಲು ತಾವೇ ಮುಂದೆ ಬಂದಿದ್ದರಿಂದ ನಾನು ಧೈರ್ಯವಾಗಿ ಹೇಳಿದೆ.

ಯಾವುದನ್ನೇ ಆರಿಸಿ, ಹಳೆಯ ಕಡತವನ್ನೆಲ್ಲ ಏರಿಸಲು ಹೋಗಬೇಡಿ. ರೋಗಿ ಮುಂದಿನ ಸಲ ಬಂದಾಗ ಅವರ ಕಡತ ತೆಗೆದು ಮೂರೇ ವಿಷಯ ತುಂಬಿಸಿ: ಅಲರ್ಜಿ, ದಿನವೂ ನುಂಗುವ ಮಾತ್ರೆಗಳು, ಆಗಿರುವ ದೊಡ್ಡ ಕಾಯಿಲೆ ಮತ್ತು ಆಪರೇಷನ್. ತುಂಬಿದ್ದನ್ನು ರೋಗಿಗೋ ಮನೆಯವರಿಗೋ ಓದಿ ಹೇಳಿ, ಅವರು ಹೌದು ಎಂದ ಮೇಲೆ ಉಳಿಸಿ. ಮೊದಲ ತಿಂಗಳು ಔಷಧಿ ಚಾರ್ಟನ್ನು ಕಾಗದದಲ್ಲೂ ಇಡಿ. ಎರಡರಲ್ಲೂ ಬರೆಯುವುದು ಸಿಸ್ಟರುಗಳಿಗೆ ಹೊರೆ, ಆ ತಿಂಗಳು ಪಾಳಿಗೆ ಒಬ್ಬರನ್ನು ಹೆಚ್ಚಿಗೆ ಹಾಕಿ. ಅದರ ಸಂಬಳವನ್ನು ಸಾಫ್ಟ್‌ವೇರಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ.